ಎರಡು ಸಲ ಕ್ಯೂ ಸ್ಕೂಲ್ ತಪ್ಪಿತು, ಇನ್ನೂ ಎಷ್ಟು ಕಾಯಬೇಕು?

ಪ್ರಶ್ನೆ: ಸರ್, ನನಗೆ 24 ವರ್ಷ. ಊರು ತೀರ್ಥಹಳ್ಳಿ ಹತ್ತಿರ. ಓದಲು ಬೆಂಗಳೂರಿಗೆ ಹೋದಾಗ ಚಿಕ್ಕಪ್ಪನ ಜೊತೆ ಹೋಗಿ ಗಾಲ್ಫ್ ಕಲಿತೆ. ಈಗ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ, ಕಮ್ಮಿ ಇದ್ದಷ್ಟು ಒಳ್ಳೇದು) ಸೊನ್ನೆ. ಪಿಜಿಟಿಐ (ಭಾರತದ ವೃತ್ತಿಪರ ಗಾಲ್ಫ್ ಟೂರ್) ಕ್ಯೂ ಸ್ಕೂಲಿಗೆ, ಅಂದರೆ ಆ ಟೂರಿನಲ್ಲಿ ಆಡಲು ಕಾರ್ಡ್ ಕೊಡುವ ಅರ್ಹತಾ ಸ್ಪರ್ಧೆಗೆ, ಎರಡು ಸಲ ಹೋದೆ. ಎರಡು ಸಲವೂ ಮೊದಲ ಹಂತ ದಾಟಲಿಲ್ಲ, ಎರಡನೇ ಸಲ ತಪ್ಪಿದ್ದು ಬರೀ ಎರಡು ಹೊಡೆತದಲ್ಲಿ. ರೇಂಜಿನಲ್ಲಿ (ಅಭ್ಯಾಸದ ಮೈದಾನದಲ್ಲಿ) ಚೆನ್ನಾಗಿ ಹೊಡೆಯುತ್ತೇನೆ. ಸ್ಪರ್ಧೆಯಲ್ಲಿ ಒಂದು ಡಬಲ್ ಬೋಗಿ (ಒಂದು ಹೋಲಿನಲ್ಲಿ ನಿಗದಿಗಿಂತ ಎರಡು ಹೊಡೆತ ಜಾಸ್ತಿ) ಆದರೆ ಸಿಟ್ಟು ನೆತ್ತಿಗೇರಿ ಮುಂದಿನ ಮೂರು ಹೋಲ್ ಹಾಳಾಗುತ್ತದೆ. ಒಂದೂವರೆ ವರ್ಷದಲ್ಲಿ ಮೂರು ಕೋಚ್ ಬದಲಾಯಿಸಿದೆ. ರೂಮ್ ಬಾಡಿಗೆ ಕಟ್ಟಲಾಗದೆ ಮಳೆಗಾಲಕ್ಕೆ ಊರಿಗೆ ಬಂದಿದ್ದೇನೆ. ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅಪ್ಪಯ್ಯ ಏನೂ ಹೇಳುವುದಿಲ್ಲ, ಅದೇ ಕಷ್ಟ. ಅಜ್ಜ ಮಾತ್ರ "ಅಡಿಕೆ ಸಸಿ ನೆಟ್ಟರೆ ಐದಾರು ವರ್ಷ ಕಾಯಲ್ವಾ, ತಾಳ್ಮೆ ಬೇಕು" ಅನ್ನುತ್ತಾರೆ. ತಾಳ್ಮೆ ಬೆಳೆಸಿಕೊಳ್ಳುವುದು ಹೇಗೆ? ಎಷ್ಟು ದಿನ ಕಾಯಬೇಕು? ಜಾಸ್ತಿ ದೂರ ಹೋಗುವ ಹೊಸ ಡ್ರೈವರ್ (ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ತೆಗೆದುಕೊಂಡರೆ ಪ್ರಯೋಜನ ಆಗುತ್ತದಾ?

ಉತ್ತರ: ನೀವು ಕೇಳಿದ್ದು ತಾಳ್ಮೆಯ ಬಗ್ಗೆ. ಆದರೆ ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆ ಇವೆ, ಮೂರಕ್ಕೂ ಮದ್ದು ಬೇರೆ. ಒಂದು, ಡಬಲ್ ಬೋಗಿ ಆದ ಮೇಲಿನ ಅರ್ಧ ಗಂಟೆ. ಇನ್ನೊಂದು, ಮೂರು ಕೋಚ್ ಬಂದು ಹೋದ ಒಂದೂವರೆ ವರ್ಷ. ಮತ್ತೊಂದು, ಮನೆಯ ದುಡ್ಡಲ್ಲಿ ಇನ್ನೆಷ್ಟು ಕಾಲ ಅನ್ನುವುದು. ಮೊದಲನೇದು ಅಭ್ಯಾಸದಿಂದ ಸರಿಹೋಗುತ್ತದೆ. ಎರಡನೇದಕ್ಕೆ ಲೆಕ್ಕ ಬರೆದಿಡಬೇಕು. ಮೂರನೇದು ದುಡ್ಡಿನ ವಿಷಯ, ಅದನ್ನು ದುಡ್ಡಿನ ವಿಷಯವಾಗಿಯೇ ಮನೆಯಲ್ಲಿ ಕೂತು ಮಾತಾಡಬೇಕು. ಮೂರನ್ನೂ ಒಂದೇ ಗಂಟು ಕಟ್ಟಿ "ನನಗೆ ತಾಳ್ಮೆ ಇಲ್ಲ" ಅಂದುಕೊಂಡರೆ ಎಲ್ಲಿಂದ ಬಿಚ್ಚುವುದು ಅಂತಲೇ ಗೊತ್ತಾಗುವುದಿಲ್ಲ.

ನಿಮ್ಮ ಅಜ್ಜ ಹೇಳಿದ್ದು ಅರ್ಧ ಸರಿ. ನಾನು ಈಗ ಬೆಂಗಳೂರಿನಲ್ಲಿ ಗಾಲ್ಫ್ ಕಲಿಸುತ್ತಿದ್ದರೂ ಹುಟ್ಟಿದ್ದು ಸಾಗರದ ಕಡೆ, ತೋಟದ ಮನೆ. ಅಡಿಕೆ ಸಸಿ ನೆಟ್ಟವರು ಐದಾರು ವರ್ಷ ಸುಮ್ನೆ ಕೂತದ್ದನ್ನು ನಾನಂತೂ ನೋಡಿಲ್ಲ. ಮಧ್ಯೆ ಬಾಳೆ ಹಾಕುತ್ತಾರೆ. ಬಸಿಗಾಲುವೆ ಬಿಡಿಸುತ್ತಾರೆ. ಎಲೆ ಹಳದಿಯಾದರೆ ಬುಡ ನೋಡುತ್ತಾರೆ, ಏಳದ ಸಸಿ ಕಿತ್ತು ಬೇರೆ ನೆಡುತ್ತಾರೆ. ಅಜ್ಜ ಇದನ್ನೆಲ್ಲ ನಿಮಗೆ ಹೇಳಲಿಲ್ಲ, ಯಾಕೆಂದರೆ ಅವರಿಗೆ ಅದು ದಿನಾ ಮಾಡುವ ಕೆಲಸ, ಹೇಳಬೇಕು ಅಂತಲೇ ಅನ್ನಿಸಿರುವುದಿಲ್ಲ. ನಿಮ್ಮ ಗಾಲ್ಫಿನಲ್ಲಿ ಈ ನೋಡುವ ಕೆಲಸ ಆಗುತ್ತಿಲ್ಲ.

ಕಾದವರಿಗೆ ಸಿಕ್ಕೇ ಸಿಗುತ್ತದೆ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ. ನಮ್ಮ ಕಡೆ ಯಾರಿಗಾದರೂ ಧೈರ್ಯ ಹೇಳಬೇಕಾದರೆ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕಥೆ ಬಂದೇ ಬರುತ್ತದೆ: 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೇದರಲ್ಲಿ 137. ಚಂದದ ಕಥೆ. ಆದರೆ ಆ ಸೊನ್ನೆಗೆ ಮುಂಚೆ ಅವರು ರನ್ ಗುಡ್ಡೆ ಹಾಕಿದ್ದರಿಂದಲೇ ಟೆಸ್ಟ್ ತಂಡಕ್ಕೆ ಬಂದದ್ದು. ಗಾಲ್ಫಿನ ಕಥೆಗಳೂ ಹೀಗೇ. ಜೀವ್ ಮಿಲ್ಖಾ ಸಿಂಗ್ 1999ರಲ್ಲಿ ಏಷ್ಯನ್ ಟೂರಿನಲ್ಲಿ ಗೆದ್ದ ಮೇಲೆ ಮುಂದಿನ ದೊಡ್ಡ ಗೆಲುವಿಗೆ, ಅಂದರೆ ವೋಲ್ವೊ ಚೀನಾ ಓಪನ್‌ಗೆ, 2006ರವರೆಗೆ ಕಾದರು. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನ ಗ್ರೀನ್‌ಕೀಪರ್ ಮಗ ಎಸ್.ಎಸ್.ಪಿ. ಚೌರಾಸಿಯಾ ಪ್ರೊ ಆಗಿದ್ದು 1997ರಲ್ಲಿ, ಯುರೋಪಿಯನ್ ಟೂರಿನ ಇಂಡಿಯನ್ ಮಾಸ್ಟರ್ಸ್ ಗೆದ್ದದ್ದು 2008ರಲ್ಲಿ. ಅರ್ಜುನ್ ಅತ್ವಾಲ್ 2010ರಲ್ಲಿ ಅಮೆರಿಕದ ಪಿಜಿಎ ಟೂರಿನ ಕಾರ್ಡ್ ಕಳೆದುಕೊಂಡು, ಸೋಮವಾರದ ಅರ್ಹತಾ ಸುತ್ತು ಆಡಿ ವಿಂಡಮ್ ಚಾಂಪಿಯನ್‌ಷಿಪ್‌ಗೆ ಬಂದು, ಅದೇ ವಾರ ಗೆದ್ದರು. ಪಿಜಿಎ ಟೂರಿನಲ್ಲಿ ಗೆದ್ದ ಮೊದಲ ಭಾರತೀಯ ಅವರು, ಆಗ ವಯಸ್ಸು 37.

ಇವರೆಲ್ಲ ಕಾಯುವಾಗ ಕೈಯಲ್ಲಿ ಏನಿತ್ತು ನೋಡಿ. ಜೀವ್ ಆಗಲೇ ಏಷ್ಯಾದಲ್ಲಿ ಗೆದ್ದವರು. ಚೌರಾಸಿಯಾ ದೇಶದೊಳಗಿನ ಟೂರಿನಲ್ಲಿ ಗೆಲ್ಲುತ್ತಾ ಇದ್ದವರು. ಅತ್ವಾಲ್ ಕೂಡ ಹೊಸಬರಾಗಿರಲಿಲ್ಲ. ಕಾಯಲು ಕಾರಣ ಇತ್ತು, ಕಾದರು. ಅವರಷ್ಟೇ ಕಾದು, ಅವರಷ್ಟೇ ಬೆವರು ಸುರಿಸಿ, ಸಿಗದೇ ಹೋದವರು ಎಷ್ಟೋ ಜನ. ಅವರ ಬಗ್ಗೆ ಪೇಪರಿನಲ್ಲಿ ಬರುವುದಿಲ್ಲ. ನಾನು ಕೆಲಸ ಮಾಡುವ ರೇಂಜಿನಲ್ಲಿ ಅಂಥವರು ಸಿಗುತ್ತಾರೆ. ಕೆಲವರು ಖುಷಿಯಾಗಿ ಕಲಿಸುತ್ತಿದ್ದಾರೆ, ಕೆಲವರಿಗೆ ಇನ್ನೂ ಆ ನೋವು ಹೋಗಿಲ್ಲ.

ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ? ಹ್ಯಾಂಡಿಕ್ಯಾಪ್ ಸೊನ್ನೆ ಅಂತ ಬರೆದಿದ್ದೀರಿ. ತುಂಬಾ ಹುಡುಗರು ಎಡವುವುದು ಇಲ್ಲೇ. ಈಗಿನ ಪದ್ಧತಿಯಲ್ಲಿ ಹ್ಯಾಂಡಿಕ್ಯಾಪ್ ಅಂದರೆ ನಿಮ್ಮ ಕೊನೆಯ 20 ಸುತ್ತಿನಲ್ಲಿ ಅತ್ಯುತ್ತಮ 8ರ ಸರಾಸರಿ. ಉಳಿದ 12 ಸುತ್ತು ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಅದು ನೀವು ಒಳ್ಳೇ ದಿನ ಎಷ್ಟು ಚೆನ್ನಾಗಿ ಆಡಬಲ್ಲಿರಿ ಅಂತ ಹೇಳುತ್ತದೆ, ದಿನಾ ಎಷ್ಟು ಆಡುತ್ತೀರಿ ಅಂತ ಹೇಳುವುದಿಲ್ಲ. ಸೊನ್ನೆ ಹ್ಯಾಂಡಿಕ್ಯಾಪ್ ಇರುವವನ ನಿಜವಾದ ಸರಾಸರಿ ಸಾಮಾನ್ಯವಾಗಿ ಕೋರ್ಸ್ ರೇಟಿಂಗಿಗಿಂತ (ಸೊನ್ನೆ ಹ್ಯಾಂಡಿಕ್ಯಾಪಿನವನಿಂದ ಆ ಕೋರ್ಸಿನಲ್ಲಿ ನಿರೀಕ್ಷಿಸುವ ಸ್ಕೋರು) ಎರಡು ಮೂರು ಹೊಡೆತ ಮೇಲಿರುತ್ತದೆ, ಅದೂ ಪರಿಚಯದ ಕೋರ್ಸಿನಲ್ಲಿ, ಗೆಳೆಯರ ಜೊತೆ. ಟೂರಿನಲ್ಲಿ ಆಡಿ ಹೊಟ್ಟೆ ಹೊರೆಯುವವರ ಹ್ಯಾಂಡಿಕ್ಯಾಪ್ ಲೆಕ್ಕ ಹಾಕಿದರೆ ಸೊನ್ನೆಗಿಂತ ನಾಲ್ಕೈದು ಹೊಡೆತ ಆಚೆ, ಅಂದರೆ ಇನ್ನೂ ಚೆನ್ನಾಗಿ ಇರುತ್ತದೆ. ನಿಮಗೂ ಅವರಿಗೂ ನಡುವೆ ಇರುವುದು ಆ ಎರಡು ಹೊಡೆತ ಮಾತ್ರ ಅಂತ ನೀವು ಅಂದುಕೊಂಡಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಹಾಗಿಲ್ಲ.

ಹಾಗಂತ ಆ ಎರಡು ಹೊಡೆತವನ್ನು ಹಿಡಿದು ಕೊರಗುವುದೂ ತಪ್ಪು. ವಿಶ್ವದ ದೊಡ್ಡ ಟೂರಿನ ಆಟಗಾರನ ಸ್ಕೋರೇ ಒಂದು ದಿನದಿಂದ ಇನ್ನೊಂದು ದಿನಕ್ಕೆ, ಆಟದಲ್ಲಿ ಏನೂ ಬದಲಾಗದೆ, ಎರಡು ಮೂರು ಹೊಡೆತ ಏರಿಳಿಯುತ್ತದೆ. ಚೆಂಡು ಮರಳು ತುಂಬಿದ ಬಂಕರಿನ ಅಂಚಿಗೆ ತಾಗಿ ಒಳಗೆ ಬಿತ್ತೋ ಹೊರಗೆ ಬಿತ್ತೋ, ಅಷ್ಟೇ. ನೀವು ಎರಡು ಹೊಡೆತದಲ್ಲಿ ಒಳಗೆ ಹೋಗಿದ್ದರೂ ನಾನು ಇದೇ ಮಾತು ಹೇಳುತ್ತಿದ್ದೆ. ಒಂದು ವಾರದ ಫಲಿತಾಂಶ ನೋಡಿ ನೀವು ಆಗುತ್ತೀರಿ ಅಂತಲೂ ಹೇಳಲಾಗದು, ಆಗುವುದಿಲ್ಲ ಅಂತಲೂ ಹೇಳಲಾಗದು.

ಆದ್ದರಿಂದ ಮೊದಲ ಕೆಲಸ ಒಂದು ಪುಸ್ತಕ. ನೋಟ್‌ಬುಕ್ ಸಾಕು, ಆ್ಯಪ್ ಬೇಕಾಗಿಲ್ಲ. ಇನ್ನು ಮುಂದೆ ಆಡುವ ಸ್ಪರ್ಧೆಯ 20 ಸುತ್ತು, ಸ್ಪರ್ಧೆ ಸಿಗದಿದ್ದರೆ ದುಡ್ಡೋ ಮರ್ಯಾದೆಯೋ ಏನಾದರೂ ಪಣಕ್ಕಿಟ್ಟು ಆಡಿದ ಸುತ್ತು, ಎಲ್ಲವನ್ನೂ ಬರೆಯಿರಿ. ಒಳ್ಳೇ ಎಂಟನ್ನು ಆರಿಸಬೇಡಿ. ಪ್ರತಿ ಹೋಲಿಗೆ ನಾಲ್ಕು ವಿಷಯ: ಟೀಯಿಂದ (ಹೋಲ್ ಶುರುವಾಗುವ ಜಾಗ) ಹೊಡೆದ ಚೆಂಡು ಆಡುವಂತಿತ್ತಾ ಇಲ್ಲವಾ, ಪೆನಾಲ್ಟಿ ಬಿತ್ತಾ, ಗ್ರೀನಿಗೆ (ಕುಳಿ ಇರುವ ನುಣುಪು ಹುಲ್ಲು) ಹೊಡೆದದ್ದು ಎಲ್ಲಿ ಬಿತ್ತು, ಮೊದಲ ಪಟ್ (ಗ್ರೀನ್ ಮೇಲೆ ಕುಳಿಯತ್ತ ಉರುಳಿಸುವ ಹೊಡೆತ) ಎಷ್ಟು ಅಡಿಯಿಂದ. ಐದನೇದು ನಿಮಗಾಗಿ ಮಾತ್ರ: ಹಿಂದಿನ ಹೋಲಿನಲ್ಲಿ ಬೋಗಿಯೋ (ಒಂದು ಹೊಡೆತ ಜಾಸ್ತಿ) ಅದಕ್ಕಿಂತ ಕೆಟ್ಟದ್ದೋ ಆಗಿದ್ದರೆ ಒಂದು ಗುರುತು.

ಈ ಐದನೇದು ಯಾಕೆ? ಡಬಲ್ ಆದ ಮೇಲೆ ಮೂರು ಹೋಲ್ ಹಾಳು ಅಂತ ನೀವು ಹೇಳುತ್ತಿದ್ದೀರಿ. ನಿಜವಾ ನೋಡೋಣ. ನನ್ನ ಹತ್ತಿರ ಬಂದು "ನನ್ನ ಸಮಸ್ಯೆ ಸಿಟ್ಟು" ಅನ್ನುವ ಹುಡುಗರ ಕಾರ್ಡ್ ತೆರೆದರೆ ಎಷ್ಟೋ ಸಲ ಬೇರೆಯೇ ಕಾಣುತ್ತದೆ. ಬೋಗಿಯ ನಂತರದ ಹೋಲುಗಳು ಉಳಿದ ಹೋಲುಗಳಷ್ಟೇ ಚೆನ್ನಾಗಿರುತ್ತವೆ. ಆದರೆ ಸುತ್ತಿಗೆ ಎರಡೆರಡು ಪೆನಾಲ್ಟಿ, ಎಲ್ಲಾ ಡ್ರೈವರಿನಿಂದ. ಸಿಟ್ಟು ನೆನಪಿನಲ್ಲಿ ಉಳಿಯುತ್ತದೆ, ನೀರಿಗೆ ಹೋದ ಚೆಂಡು ಮರೆತುಹೋಗುತ್ತದೆ. ಮಾರ್ಕ್ ಬ್ರಾಡಿ ಅಂತ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು ಪಿಜಿಎ ಟೂರಿನ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿ ತೋರಿಸಿದ್ದಾರೆ, ಒಳ್ಳೇ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಭಾಗ ಬರುವುದು ಗ್ರೀನಿನಿಂದ ದೂರದ ಹೊಡೆತಗಳಲ್ಲಿ, ಪಟ್‌ನಲ್ಲಿ ಅಲ್ಲ ಅಂತ.

ಅದೇ ಲೆಕ್ಕದಿಂದ ಇನ್ನೊಂದು ಸಮಾಧಾನದ ವಿಷಯ. ಆ ಟೂರಿನವರು ಮೂರು ಅಡಿಯ ಪಟ್ ನೂರಕ್ಕೆ 96 ಸಲ ಹಾಕುತ್ತಾರೆ. ಎಂಟು ಅಡಿಯಿಂದ? ನೂರಕ್ಕೆ 50. ಇಪ್ಪತ್ತು ಅಡಿಯಿಂದ 15ರ ಆಸುಪಾಸು. ಟಿವಿಯಲ್ಲಿ ಹಾಕಿದ್ದನ್ನೇ ತೋರಿಸುತ್ತಾರೆ, ಹಾಗಾಗಿ ಎಂಟು ಅಡಿ ತಪ್ಪಿದ ಕೂಡಲೇ ಪಟರನ್ನು ಬ್ಯಾಗಿಗೆ ಬಡಿಯುತ್ತೇವೆ. ವಿಶ್ವದ ಅತ್ಯುತ್ತಮರೇ ಎರಡರಲ್ಲಿ ಒಂದನ್ನು ತಪ್ಪಿಸುವ ಪಟ್‌ಗೆ ಅಷ್ಟು ಸಿಟ್ಟು ಯಾಕೆ ಮಾರಾಯ್ರೇ.

ಸರಿ, ಲೆಕ್ಕ ಬರೆದ ಮೇಲೂ ಬೋಗಿಯ ನಂತರದ ಹೋಲುಗಳು ನಿಜವಾಗಿ ಕೆಟ್ಟಿವೆ ಅಂತಿಟ್ಟುಕೊಳ್ಳಿ. ಆಗ ಏನು?

ಒಂದು ಸುತ್ತು ನಾಲ್ಕೂವರೆ ಐದು ಗಂಟೆ. ಒಂದು ಸ್ವಿಂಗ್ ಒಂದೂವರೆ ಸೆಕೆಂಡಿನ ಕೆಲಸ. 72 ಹೊಡೆತ ಸೇರಿಸಿದರೂ ಎರಡು ನಿಮಿಷ ಆಗುವುದಿಲ್ಲ. ಉಳಿದದ್ದೆಲ್ಲ ನಡೆಯುವುದು, ನಿಲ್ಲುವುದು, ಬೇರೆಯವರು ಹೊಡೆಯುವುದನ್ನು ನೋಡುವುದು, ಮತ್ತೆ ಯೋಚನೆ. ಕ್ರಿಕೆಟ್ಟಿನಲ್ಲಿ ಔಟಾದವನು ಪೆವಿಲಿಯನ್ನಿಗೆ ಹೋಗಿ ಪ್ಯಾಡ್ ಬಿಸಾಕಬಹುದು. ಇಲ್ಲಿ ನೀವೇ ಹಾಳು ಮಾಡಿದ ಹೋಲಿನಿಂದ ಮುಂದಿನ ಟೀಗೆ ನೀವೇ ನಡೆದು ಹೋಗಬೇಕು, ಅಲ್ಲಿ ಮುಂದಿನ ಗುಂಪಿಗಾಗಿ ಕಾಯಬೇಕು. ಸಿಟ್ಟು ಬೆಳೆಯಲು ಇಷ್ಟು ಪುರುಸೊತ್ತು ಕೊಡುವ ಆಟ ಇನ್ನೊಂದಿಲ್ಲ.

"ಸಿಟ್ಟು ಮಾಡಿಕೊಳ್ಳಬೇಡ, ಕೂಲಾಗಿರು" ಅಂತ ಹೇಳುವವರ ಮಾತು ಕೇಳಬೇಡಿ. ಬಂದ ಸಿಟ್ಟನ್ನು ಬಂದಿಲ್ಲ ಅಂತ ನಟಿಸುವುದಕ್ಕೂ ಗಮನ ಖರ್ಚಾಗುತ್ತದೆ, ಆ ಗಮನ ಮುಂದಿನ ಹೊಡೆತಕ್ಕೆ ಬೇಕು. ನಾನು ಕಲಿಸುವುದು ಇಷ್ಟು: ಗ್ರೀನ್ ಬಿಟ್ಟ ಮೇಲೆ ಕ್ಯಾಡಿ ಬ್ಯಾಗ್ ಕೆಳಗಿಡುವವರೆಗೆ ಸಿಟ್ಟು ಮಾಡಿಕೊಳ್ಳಿ. ಮನಸ್ಸಿನಲ್ಲಿ ಬೈದುಕೊಳ್ಳಿ, ಕನ್ನಡದಲ್ಲೇ ಬೈದುಕೊಳ್ಳಿ. ಕ್ಲಬ್ ಎಸೆಯಬೇಡಿ, ಅದಕ್ಕೆ ದಂಡ ಇದೆ, ಕ್ಯಾಡಿಗೆ ಬೈಯಬೇಡಿ, ಅದಕ್ಕಿಂತ ದೊಡ್ಡ ದಂಡ ಇಲ್ಲ. ಬ್ಯಾಗ್ ನೆಲಕ್ಕೆ ತಾಗಿದ ಮೇಲೆ ಉಸಿರನ್ನು ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಎರಡು ಪಟ್ಟು ಹೊತ್ತು ಹೊರಗೆ ಬಿಡಿ. ಮೂರು ನಾಲ್ಕು ಸಲ. ಇದು ಭಜನೆ ಅಲ್ಲ, ಉಸಿರು ಹೊರಗೆ ಬಿಡುವಾಗ ಎದೆ ಬಡಿತ ಸ್ವಲ್ಪ ಇಳಿಯುತ್ತದೆ, ದೇಹದ ನಿಯಮ ಅದು. ಆಮೇಲೆ ನಿಮ್ಮ ಮಾಮೂಲಿ ರೊಟೀನ್, ಅದೇ ಎರಡು ಪ್ರಾಕ್ಟೀಸ್ ಸ್ವಿಂಗ್, ಅದೇ ನೋಟ. ಸಿಟ್ಟಾದವರಲ್ಲಿ ಮೊದಲು ಮಾಯವಾಗುವುದು ಈ ರೊಟೀನೇ. ಬೇಗ ಬೇಗ ನಡೆಯುತ್ತಾರೆ, ಬೇಗ ನಿಲ್ಲುತ್ತಾರೆ, ಬೇಗ ಹೊಡೆಯುತ್ತಾರೆ.

ಆದರೆ ಹೊಡೆತಕ್ಕಿಂತ ಜಾಸ್ತಿ ನಷ್ಟ ಮಾಡುವುದು ನಿರ್ಧಾರ. ಹೋದ ಎರಡು ಹೊಡೆತವನ್ನು ಮುಂದಿನ ಹೋಲಿನಲ್ಲೇ ವಸೂಲು ಮಾಡುತ್ತೇನೆ ಅಂತ ಹೊರಡುತ್ತೀರಿ. ಐರನ್ (ಡ್ರೈವರಿಗಿಂತ ಕಮ್ಮಿ ದೂರ ಹೋಗುವ ಕ್ಲಬ್) ತೆಗೆಯಬೇಕಾದಲ್ಲಿ ಡ್ರೈವರ್, ಗ್ರೀನಿನ ಮಧ್ಯಕ್ಕೆ ಹೊಡೆಯಬೇಕಾದಲ್ಲಿ ನೀರಿನ ಪಕ್ಕದ ಬಾವುಟದ ಕಂಬಕ್ಕೆ. ಮೂರು ಹೋಲ್ ಹಾಳಾಗುವುದು ಹೀಗೆ. ಇದಕ್ಕೆ ತಾಳ್ಮೆ ಬೇಕಾಗಿಲ್ಲ, ಮುಂಚೆ ಬರೆದಿಟ್ಟ ಕಾಗದ ಬೇಕು. ಹಿಂದಿನ ರಾತ್ರಿ ಕೂತು 18 ಹೋಲಿಗೂ ಬರೆಯಿರಿ: ಟೀಯಿಂದ ಯಾವ ಕ್ಲಬ್, ಯಾವ ಕಡೆ ತಪ್ಪಿದರೂ ಪರವಾಗಿಲ್ಲ, ಯಾವ ಕಡೆ ತಪ್ಪಲೇಬಾರದು. ಗಾಳಿ ತಿರುಗಿದರೆ ಕ್ಲಬ್ ಬದಲಾಯಿಸಿ. ಡಬಲ್ ಆಯಿತು ಅಂತ ಬದಲಾಯಿಸಬೇಡಿ. ಡಬಲ್ ಆದ ಮುಂದಿನ ಟೀಯಲ್ಲಿ ಹೊಸ ಯೋಚನೆಗೆ ಜಾಗವೇ ಇರಬಾರದು. ನಿನ್ನೆ ರಾತ್ರಿ ತಲೆ ಸರಿ ಇದ್ದಾಗ ಏನು ಬರೆದಿರೋ ಅದೇ.

ರೇಂಜಿನಲ್ಲಿ ಚೆನ್ನಾಗಿ ಹೊಡೆಯುತ್ತೇನೆ ಅನ್ನುವುದು ಎಲ್ಲರೂ ಹೇಳುವ ಮಾತು. ಒಂದೇ 7 ಐರನ್ನಿನಲ್ಲಿ ಒಂದೇ ಗುರಿಗೆ ಐವತ್ತು ಚೆಂಡು ಹೊಡೆದರೆ ಮೂವತ್ತನೇದು ಚಂದ ಹೋಗಲೇಬೇಕಲ್ವಾ. ಶೇ ಮತ್ತು ಮಾರ್ಗನ್ ಅನ್ನುವ ಇಬ್ಬರು 1979ರಲ್ಲಿ ಕೈ ಚಲನೆಯ ಮೇಲೆ ಮಾಡಿದ ಪ್ರಯೋಗ ಒಂದಿದೆ, ಕ್ರೀಡೆ ಕಲಿಸುವವರೆಲ್ಲ ಓದುತ್ತಾರೆ. ಒಂದೇ ಕೆಲಸವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು, ಬೇರೆ ಬೇರೆ ಕೆಲಸ ಕಲಸಿ ಮಾಡಿದವರು ತಡವರಿಸಿದರು. ಸ್ವಲ್ಪ ಸಮಯ ಬಿಟ್ಟು ಪರೀಕ್ಷೆ ಮಾಡಿದರೆ ತಡವರಿಸಿದವರೇ ಮುಂದೆ. ಹಾಗಾಗಿ ರೇಂಜಿಗೆ ಹೋದಾಗ ಅರ್ಧ ಬುಟ್ಟಿ ಚೆಂಡನ್ನಾದರೂ ಕೋರ್ಸ್ ಆಡಿದ ಹಾಗೆ ಹೊಡೆಯಿರಿ: ಡ್ರೈವರ್, ಆಮೇಲೆ 8 ಐರನ್, ಆಮೇಲೆ ವೆಡ್ಜ್, ಪ್ರತಿ ಸಲ ಗುರಿ ಬದಲು, ಪ್ರತಿ ಸಲ ಪೂರ್ತಿ ರೊಟೀನ್. ಕೆಟ್ಟದಾಗಿ ಕಾಣುತ್ತದೆ. ಪಕ್ಕದವನು ನೋಡಿ ನಗಬಹುದು, ನಗಲಿ.

ಈಗ ಮೂರು ಕೋಚ್. ಕೋಚ್ ಬದಲಾಯಿಸುವುದೇ ತಪ್ಪು ಅಂತ ನಾನು ಹೇಳಿದರೆ ನನ್ನ ಹೊಟ್ಟೆಪಾಡಿಗೆ ಹೇಳಿದ ಹಾಗೆ ಕೇಳಿಸುತ್ತದೆ. ಆದರೂ ಕೇಳಿ. ಸ್ವಿಂಗ್ ಬದಲಾಯಿಸಿದರೆ ಮೊದಲು ಆಟ ಕೆಡುತ್ತದೆ, ಕೆಡಲೇಬೇಕು, ಹಳೆಯದು ಪೂರ್ತಿ ಹೋಗಿರುವುದಿಲ್ಲ, ಹೊಸದು ಪೂರ್ತಿ ಬಂದಿರುವುದಿಲ್ಲ. ಟೈಗರ್ ವುಡ್ಸ್ 1997ರಲ್ಲಿ ಮಾಸ್ಟರ್ಸ್ ಅನ್ನು 12 ಹೊಡೆತದಲ್ಲಿ ಗೆದ್ದ ಮೇಲೂ ಸ್ವಿಂಗ್ ಬಿಚ್ಚಿ ಕಟ್ಟಲು ಹೊರಟರು. 1998ರಲ್ಲಿ ಪಿಜಿಎ ಟೂರಿನಲ್ಲಿ ಗೆದ್ದದ್ದು ಒಂದೇ. 1999ರಲ್ಲಿ 8, ಅದರ ಮರುವರ್ಷ 9. ನೀವು ಮೂರು ಸಲ ಆ ಕೆಡುವ ಕಾಲವನ್ನು ಅನುಭವಿಸಿದ್ದೀರಿ, ಒಂದು ಸಲವೂ ಸರಿಯಾಗುವ ಕಾಲದವರೆಗೆ ನಿಂತಿಲ್ಲ. ಒಂದು ವ್ಯತ್ಯಾಸ ಮರೆಯಬೇಡಿ: ವುಡ್ಸ್ ಕಾಯುವಾಗ ಬ್ಯಾಂಕಿನಲ್ಲಿ ದುಡ್ಡಿತ್ತು. ನಿಮಗೆ ರೂಮ್ ಬಾಡಿಗೆಗೇ ಕಷ್ಟ. ಆದ್ದರಿಂದ ನಿಮಗೆ ದೊಡ್ಡ ಬದಲಾವಣೆ ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೂವರಲ್ಲಿ ಯಾರ ಮಾತು ನಿಮಗೆ ಅರ್ಥವಾಗಿತ್ತೋ ಅವರ ಹತ್ತಿರ ವಾಪಸ್ ಹೋಗಿ. ಏನನ್ನಾದರೂ ಬದಲಾಯಿಸು ಅಂದರೆ ಕೇಳಿ: ಇದರಿಂದ ಚೆಂಡು ಹೇಗೆ ಬೇರೆ ಥರ ಹೋಗುತ್ತದೆ, ಎಷ್ಟು ತಿಂಗಳು ಬೇಕು, ಅಲ್ಲಿಯವರೆಗೆ ಟೂರ್ನಮೆಂಟಿನಲ್ಲಿ ನಾನು ಏನು ಹೊಡೆಯಲಿ. ಈ ಮೂರಕ್ಕೆ ಉತ್ತರ ಸಿಗದಿದ್ದರೆ ಶುರು ಮಾಡಬೇಡಿ.

ದುಡ್ಡಿನ ವಿಷಯಕ್ಕೆ ಬರೋಣ. ಈ ಆಟದಲ್ಲಿ ಸಂಬಳ ಇಲ್ಲ. ಪಿಜಿಟಿಐನ ಒಂದು ಕೋಟಿ ಬಹುಮಾನದ ಪಂದ್ಯ ಗೆದ್ದರೆ 15 ಲಕ್ಷ. ಆದರೆ ಎರಡು ದಿನ ಆದ ಮೇಲೆ ಕಟ್ ಬೀಳುತ್ತದೆ, ಸಾಮಾನ್ಯವಾಗಿ ಮೊದಲ 50 ಮತ್ತು ಅವರ ಸಮಕ್ಕೆ ಇರುವವರು ಮಾತ್ರ ಉಳಿಯುತ್ತಾರೆ. ಉಳಿದವರು ಎಂಟ್ರಿ ಫೀ, ಪ್ರಯಾಣ, ರೂಮು, ಊಟ, ಕ್ಯಾಡಿ ಎಲ್ಲಾ ಕೈಯಿಂದ ಹಾಕಿ ಬರಿಗೈಯಲ್ಲಿ ಮನೆಗೆ. ಕಟ್ ದಾಟಿ ಬಾಲದಲ್ಲಿ ಮುಗಿಸಿದವರಿಗೆ ಬರುವುದರಲ್ಲಿ ಆ ವಾರದ ಖರ್ಚು ಹುಟ್ಟಿದರೆ ಪುಣ್ಯ. ಕಾರ್ಡ್ ಸಿಕ್ಕಿದರೆ ಕಷ್ಟ ಮುಗಿಯಿತು ಅಂತ ಮನೆಯಲ್ಲಿ ಹೇಳಿದ್ದರೆ ತಿದ್ದಿ ಹೇಳಿ, ಖರ್ಚು ಜಾಸ್ತಿ ಆಗುವುದು ಕಾರ್ಡ್ ಸಿಕ್ಕ ಮೇಲೆ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ಒಂದು, ಪೂರ್ತಿ ಇದನ್ನೇ ಮಾಡುವುದು. ಮಾಡುವುದಾದರೆ ಒಂದು ತಾರೀಕು ಮತ್ತು ಒಂದು ಮೊತ್ತ ಎರಡನ್ನೂ ಮೊದಲೇ ಬರೆದಿಡಿ, ಯಾವುದು ಮೊದಲು ಬಂದರೂ ಅಲ್ಲಿ ನಿಂತು ಮತ್ತೆ ಯೋಚಿಸುವುದು. ತೋಟ ಅಡವಿಟ್ಟು ಮಾಡಬೇಡಿ. ಕೊಳೆ ರೋಗ, ಎಲೆಚುಕ್ಕೆ ರೋಗ, ರೇಟಿನ ಏರಿಳಿತ ಇವುಗಳಲ್ಲಿ ಅಪ್ಪಯ್ಯನಿಗೆ ಇರುವ ಚಿಂತೆ ಸಾಕು. ಸಾಲದ ದುಡ್ಡಲ್ಲಿ ಆಡುವವನಿಗೆ ಮೂರು ಅಡಿಯ ಪಟ್ಟೂ ಉದ್ದ ಕಾಣುತ್ತದೆ, ಇದನ್ನು ನಾನು ತುಂಬಾ ನೋಡಿದ್ದೇನೆ. ಯಾರಾದರೂ ಸ್ಪಾನ್ಸರ್ ಮಾಡುತ್ತೇನೆ ಅಂದರೆ ಗೆದ್ದದ್ದರಲ್ಲಿ ಎಷ್ಟು ಪಾಲು, ಎಷ್ಟು ವರ್ಷ ಅನ್ನುವುದನ್ನು ಓದಿ, ವಕೀಲರಿಗೆ ತೋರಿಸಿ ಸಹಿ ಮಾಡಿ.

ಇನ್ನೊಂದು, ನಿಮಗೆ ನಾನು ಹೇಳುವುದು ಇದೇ, ಒಂದು ವರ್ಷ ಊರು ಮತ್ತು ಬೆಂಗಳೂರು ಹಂಚಿಕೊಳ್ಳುವುದು. ಇದರಲ್ಲಿ ಒಂದು ಸಿಕ್ಕು ಇದೆ. ಕ್ಯೂ ಸ್ಕೂಲ್ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತದೆ. ಅದಕ್ಕೆ ತಯಾರಾಗುವ ಅಕ್ಟೋಬರಿನಿಂದ ಜನವರಿಯೇ ನಿಮ್ಮ ಮನೆಯಲ್ಲಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಆಗ ಮಗ ಬೇಕು ಅನ್ನಿಸುತ್ತದೆ. ಆದ್ದರಿಂದ ಈಗಲೇ ಮಾತಾಡಿಕೊಳ್ಳಿ: ಮಳೆಗಾಲದಲ್ಲಿ ತೋಟದ ಕೆಲಸ ನನ್ನದು, ಅಕ್ಟೋಬರಿನಿಂದ ನಾನು ಬೆಂಗಳೂರಿನಲ್ಲಿ, ಕೊಯ್ಲಿಗೆ ಆಳಿನ ಖರ್ಚು ಇಷ್ಟು. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರಿನಲ್ಲಿ ಹೊರಗೆ ಏನೂ ಆಡಲಾಗದು, ಆಗುಂಬೆ ಪಕ್ಕದಲ್ಲೇ ಇದ್ದೀರಿ, ನಿಮಗೆ ನಾನು ಹೇಳಬೇಕಾ. ಆದರೆ ಜಗುಲಿ ಇದೆಯಲ್ಲ. ಒಂದು ಪಟ್ಟಿಂಗ್ ಮ್ಯಾಟ್ ಹಾಸಿ, ಚೆಂಡಿಗಿಂತ ಸ್ವಲ್ಪ ಅಗಲಕ್ಕೆ ಎರಡು ಮೊಳೆ ನಿಲ್ಲಿಸಿ, ಅದರ ನಡುವೆ ದಿನಾ ಮೂರು ಅಡಿಯ ಪಟ್. ಕೊಟ್ಟಿಗೆಯಲ್ಲಿ ಜಾಗ ಇದ್ದರೆ ದಪ್ಪ ಬಲೆ ಕಟ್ಟಿ ವೆಡ್ಜ್. ಮಳೆ ಬಿಟ್ಟ ಮೇಲೆ ಚಿಕ್ಕಮಗಳೂರಿನಲ್ಲಿ ಗಾಲ್ಫ್ ಕ್ಲಬ್ ಇದೆ, ನಿಮಗೆ ಬೆಂಗಳೂರಿಗಿಂತ ಹತ್ತಿರ. ಅಲ್ಲಿ ಹೊರಗಿನವರಿಗೆ ಹೇಗೆ ಬಿಡುತ್ತಾರೆ ಅಂತ ಕೇಳಿಕೊಂಡು ಹೋಗಿ. ಕ್ಯೂ ಸ್ಕೂಲನ್ನು ಹವ್ಯಾಸಿಯಾಗಿಯೇ ಆಡಬಹುದು, ಕಾರ್ಡ್ ಬರುವ ಮೊದಲೇ ಪ್ರೊ ಅಂತ ಘೋಷಿಸುವ ಅವಸರ ಬೇಡ. ಪಿಜಿಟಿಐ 2024ರಲ್ಲಿ ನೆಕ್ಸ್‌ಜೆನ್ ಅಂತ ಕೆಳಹಂತದ ಟೂರ್ ಶುರು ಮಾಡಿದೆ, ಅದರ ನಿಯಮ ಓದಿ ನೋಡಿ. ಈ ದಾರಿಯ ಅಪಾಯ ಏನೆಂದರೆ ಎರಡು ಕಡೆಯೂ ಅರ್ಧರ್ಧ ಆಗುವುದು. ಸೆಪ್ಟೆಂಬರಿನಲ್ಲಿ "ಇನ್ನೊಂದು ತಿಂಗಳು ಇರುತ್ತೇನೆ" ಅನ್ನಿಸಿದರೆ, ಒಳಗೊಳಗೆ ನೀವು ನಿರ್ಧಾರ ಮಾಡಿ ಆಗಿದೆ ಅಂತ ಅರ್ಥ, ಅದನ್ನು ಒಪ್ಪಿಕೊಳ್ಳಿ.

ಮೂರನೇ ದಾರಿ ಕಲಿಸುವುದು. ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಹಂತ ಹಂತವಾಗಿ ಕೋಚಿಂಗ್ ಕೋರ್ಸ್ ನಡೆಸುತ್ತದೆ. ಸೋತವರು ಹಿಡಿಯುವ ಕೆಲಸ ಅಂತ ಇದನ್ನು ನೋಡಬೇಡಿ, ನಾನು ಇದರಲ್ಲೇ ಅನ್ನ ತಿನ್ನುತ್ತಿದ್ದೇನೆ. ಆದರೆ ದಿನಕ್ಕೆ ಆರು ಗಂಟೆ ಬೇರೆಯವರ ಸ್ವಿಂಗ್ ನೋಡಿದ ಮೇಲೆ ನಿಮ್ಮದನ್ನು ನೋಡಲು ಶಕ್ತಿ ಉಳಿಯುವುದು ಕಮ್ಮಿ. ದುಡ್ಡು ತೆಗೆದುಕೊಂಡು ಕಲಿಸಿದರೆ ಹವ್ಯಾಸಿ ಸ್ಥಾನಮಾನಕ್ಕೂ ಕುತ್ತು ಬರುತ್ತದೆ, ಹಾಗಾಗಿ ಸುಮ್ನೆ ಖರ್ಚಿಗೆ ಆಗಲಿ ಅಂತ ಶುರು ಮಾಡುವ ಮುಂಚೆ ನಿಯಮ ನೋಡಿಕೊಳ್ಳಿ.

ಅಪ್ಪಯ್ಯ ಏನೂ ಹೇಳುವುದಿಲ್ಲ ಅಂದಿರಿ. ಅವರಿಗೆ ಹೇಳಲು ಏನು ಸಿಕ್ಕಿದೆ? ಮದುವೆ ಮನೆಯಲ್ಲಿ ಯಾರಾದರೂ "ಮಗ ಈಗ ಎಂತ ಮಾಡ್ತಾ ಇದ್ದಾನೆ" ಅಂತ ಕೇಳಿದರೆ ಕೊಡಲು ಅವರ ಹತ್ತಿರ ಒಂದು ವಾಕ್ಯವೂ ಇಲ್ಲ. ಒಂದು ಹಾಳೆಯಲ್ಲಿ ಇಲ್ಲಿಯವರೆಗೆ ಆದ ಖರ್ಚು, ಮುಂದಿನ ಹನ್ನೆರಡು ತಿಂಗಳ ಖರ್ಚು, ಯಾವ ತಾರೀಕಿಗೆ ನಿಂತು ನೋಡುವುದು, ಅಷ್ಟು ಹೊತ್ತಿಗೆ ಸರಾಸರಿ ಎಲ್ಲಿಗೆ ಬರಬೇಕು ಅನ್ನುವುದನ್ನು ಬರೆದು ಅವರ ಕೈಗೆ ಕೊಡಿ. ಸರಾಸರಿ ಎಲ್ಲಿಗೆ ಅಂದರೆ, 20 ಸುತ್ತೂ ಸೇರಿ ಕೋರ್ಸ್ ರೇಟಿಂಗಿನ ಹತ್ತಿರ ಬಂದರೆ ಮುಂದಿನ ಕ್ಯೂ ಸ್ಕೂಲಿಗೆ ಹೋಗಲು ಕಾರಣ ಇದೆ ಅಂತ ನಾನು ಹೇಳುತ್ತೇನೆ. ಎರಡು ಮೂರು ಮೇಲೆಯೇ ನಿಂತಿದ್ದರೆ ಆ ಎಂಟ್ರಿ ಫೀಯನ್ನು ಹವ್ಯಾಸಿ ಟೂರ್ನಮೆಂಟಿಗೆ ಹಾಕಿ. ಐದಾರು ಮೇಲಿದ್ದರೆ, ನಿಮಗೇ ಗೊತ್ತಾಗುತ್ತದೆ.

ನಿದ್ದೆಯ ವಿಷಯ ಒಂದು ಸಾಲಿನಲ್ಲಿ ದಾಟಿಸಿದ್ದೀರಿ. ಸೋತ ವಾರ ನಿದ್ದೆ ಬಾರದಿರುವುದು ಎಲ್ಲರಿಗೂ ಆಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ, ಊಟ ಸೇರದಿದ್ದರೆ, ಬೆಳಿಗ್ಗೆ ಏಳುವುದೇ ಬೇಡ ಅನ್ನಿಸಿದರೆ, ಅದು ಕೋಚ್ ನೋಡುವ ವಿಷಯ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ನೋಡಿ.

ಕೊನೆಗೆ ಡ್ರೈವರ್. ದೂರ ಹೊಡೆಯುವುದರಿಂದ ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ, ಅಲ್ಲಿ ಆಡಿದವರಲ್ಲಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರು, ಉಳಿಸಿದ್ದು ಪಟರ್. ನಿಮ್ಮದು ದೂರದ ತೊಂದರೆಯಾ, ಪೆನಾಲ್ಟಿಯ ತೊಂದರೆಯಾ ಅಂತ ಇನ್ನೂ ಗೊತ್ತಿಲ್ಲ. ಪುಸ್ತಕದಲ್ಲಿ 20 ಸುತ್ತು ತುಂಬಲಿ. ಆಮೇಲೆ ಬೆಂಗಳೂರಿನಲ್ಲಿ ಲಾಂಚ್ ಮಾನಿಟರ್ (ಹೊಡೆದ ಚೆಂಡಿನ ವೇಗ, ಕೋನ ಅಳೆಯುವ ಯಂತ್ರ) ಇರುವ ಕಡೆ ಈಗಿರುವ ಡ್ರೈವರಿನ ಲಾಫ್ಟ್ (ಮುಖದ ಓರೆ), ಶಾಫ್ಟ್ (ಕೋಲಿನ ಭಾಗ) ನಿಮಗೆ ಹೊಂದುತ್ತದಾ ಅಂತ ನೋಡಿಸಿ, ಎಷ್ಟೋ ಸಲ ಶಾಫ್ಟ್ ಬದಲಾಯಿಸಿದರೆ ಸಾಕಾಗುತ್ತದೆ. ಹೊಸದಕ್ಕೆ ಇಟ್ಟ ದುಡ್ಡು ಅಕ್ಟೋಬರ್, ನವೆಂಬರಿನ ರೂಮ್ ಬಾಡಿಗೆಗೆ ಇರಲಿ.